ತೋಳ ಅತಿಥಿಯಾಗಿ ಬರುವ ಮನೆ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪಿಟೀಲಮ್ಮ,

ಹೇಗಿದ್ದೀಯೆ? ಕೆಮ್ಮು ನಿಂತಿತೆ? ಹೋದ ಸಲ ಫೋನಿನಲ್ಲಿ ನಿನ್ನ ಮಾತು ತುಂಡು ತುಂಡಾಗಿ ಬಂತು, ಕೆಮ್ಮು ಮಾತ್ರ ಇಡಿಯಾಗಿ ಕೇಳಿಸಿತು. ಊರಿಗೆಲ್ಲ ಔಷಧಿ ಕೊಡುವ ಡಾಕ್ಟರಿಗೆ ತನ್ನ ಗಂಟಲಿಗೆ ಒಂದು ಲೋಟ ಬಿಸಿನೀರು ಕಾಯಿಸಿಕೊಳ್ಳಲು ಪುರುಸೊತ್ತಿಲ್ಲ ಎಂದರೆ ಯಾರ ಹತ್ತಿರ ಹೇಳಿಕೊಳ್ಳಲಿ. ಇಷ್ಟು ದೊಡ್ಡ ಡಾಕ್ಟರನ್ನು ಇನ್ನೂ ಪಿಟೀಲಮ್ಮ ಎಂದು ಕರೆಯುತ್ತೀಯಲ್ಲ ಎಂದು ನಿನ್ನ ಅಮ್ಮ ನನ್ನನ್ನು ಬೈಯುತ್ತಾಳೆ. ಹುಟ್ಟಿದಾಗ ಒಂದೇ ತಂತಿ ಹಿಡಿದು ಎಳೆದೆಳೆದು ಅತ್ತವಳು ನೀನು, ಹೆಸರಿಟ್ಟವರು ನಿನ್ನ ತಾತ, ನಡುವೆ ನನ್ನದೇನು ತಪ್ಪು? ನಾವು ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಬೆಳಿಗ್ಗೆ ಮುನಿಸಿಕೊಳ್ಳುತ್ತದೆ, ಹತ್ತು ಗಂಟೆಯ ಹೊತ್ತಿಗೆ ರಾಜಿಯಾಗುತ್ತದೆ. ತಾತನಿಗೆ ರಕ್ತದೊತ್ತಡದ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ. ಕೋಪ ಇದೆ, ಅದಕ್ಕೆ ಮಾತ್ರೆ ಇಲ್ಲ.

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು ಎಂದು ಬೇಸರ ಮಾಡಿಕೊಳ್ಳಬೇಡ. ನೀನು ಅದನ್ನು ನಿನ್ನ ತಾತ, ಕನ್ನಡಕದ ತಾತ, ಇಬ್ಬರ ಹೆಸರಿಗೂ ಸೇರಿಸಿ ಬರೆದಿದ್ದೆ. ಅದು ಬಂದಾಗ ಇಲ್ಲಿ ಆ ಇಬ್ಬರ ನಡುವೆ ಮಾತೇ ನಿಂತಿತ್ತು. ಒಬ್ಬರಿಗೆ ಓದಿ ಇನ್ನೊಬ್ಬರಿಗೆ ಓದದೆ ಉತ್ತರ ಬರೆಯುವುದು ಹೇಗೆ? ಈಗ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಸಹಿಸಿಕೋ. ಮುದುಕಿಯರಿಗೆ ನಡುವಿನಿಂದ ಕಥೆ ಹೇಳಲು ಬರುವುದಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ನಿನ್ನ ತಾತನ ಹಳೆಯ ಸ್ನೇಹಿತ ಕನ್ನಡಕದ ತಾತನ ಅಂಗಡಿ ಈಗಲೂ ಹಾಗೆಯೇ ಇದೆ. ಮುಂದೆ ಗಾಜಿನ ಪೆಟ್ಟಿಗೆ, ಗೋಡೆಯ ಮೇಲೆ ಮೂರು ಕನ್ನಡಿ, ಕಣ್ಣು ಪರೀಕ್ಷೆಯ ಕುರ್ಚಿ. ಹಿಂದಿನ ಕೋಣೆಯಲ್ಲಿ ಮಸೂರ ಅರೆಯುವ ಹಳೆಯ ಯಂತ್ರ, ಅದರ ಮೇಲೊಂದು ಬಟ್ಟೆ, ಬಟ್ಟೆಯ ಮೇಲೆ ಇವರಿಬ್ಬರ ಪುಸ್ತಕಗಳು. ಬುಧವಾರ ಅಂಗಡಿ ಅರ್ಧ ದಿನ. ಮಧ್ಯಾಹ್ನ ಬಾಗಿಲು ಎಳೆದುಕೊಂಡು ಇಬ್ಬರೂ ಅಲ್ಲಿ ಕೂತರೆಂದರೆ ಸಂಜೆಯವರೆಗೆ ಹೀಬ್ರೂ ಪ್ರವಾದಿಗಳ ಮಾತೇ ಮಾತು. ನಿನ್ನನ್ನು ಚಿಕ್ಕಂದಿನಲ್ಲಿ ಅಲ್ಲಿಗೆ ಕಳಿಸಿ ನಾನು ಮನೆಯಲ್ಲಿ ಸ್ವಲ್ಪ ಮಲಗುತ್ತಿದ್ದೆ. ನಿನಗೆ ಕಲಿಸಲೆಂದು ಕಣ್ಣು ಪರೀಕ್ಷೆಯ ಪಟ್ಟಿಯ ಹಾಗೆಯೇ ಹೀಬ್ರೂ ಅಕ್ಷರಗಳ ಪಟ್ಟಿಯೊಂದನ್ನು ಬರೆದು ಅಂಟಿಸಿದ್ದರು, ಮೇಲೆ ದೊಡ್ಡವು, ಕೆಳಗಿಳಿಯುತ್ತ ಸಣ್ಣವು. ನೀನು ಕೊನೆಯ ಸಾಲನ್ನೂ ಓದಿಬಿಡುತ್ತಿದ್ದೆ, ತಾತ ಮೂರನೆಯ ಸಾಲಿಗೇ ಮುಖ ಸಿಂಡರಿಸುತ್ತಿದ್ದರು.

ಇಬ್ಬರ ನಡುವಿನ ವಾದ ಯಾವಾಗಲೂ ಒಂದೇ. ತಾತ ಚರ್ಚಿನ ಸಭಾಪಾಲಕರಾಗಿದ್ದವರು. ಪ್ರವಾದಿಗಳು ಹೇಳಿದ ಶಾಂತಿಯ ಅರಸ ಬಂದಾಗಿದೆ, ಆರಂಭಿಸಿದ್ದನ್ನು ಮುಗಿಸಲು ಮತ್ತೆ ಬರುತ್ತಾನೆ ಎನ್ನುತ್ತಾರೆ. ಕನ್ನಡಕದ ತಾತ ಯೆಹೂದ್ಯರು. ಆ ಅರಸ, ಅವರ ಮಾತಿನಲ್ಲಿ ಮೆಸ್ಸೀಯ, ಇನ್ನೂ ಬರಬೇಕಾಗಿದೆ ಎನ್ನುತ್ತಾರೆ. ಬಂದಿದ್ದರೆ ಎದುರಿನ ಬೀಗದ ಅಂಗಡಿ ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ ಎಂಬುದು ಅವರ ಮಾತು. ಅದಕ್ಕೆ ತಾತ ನಕ್ಕು, ಹಾಗಾದರೆ ಬರುವವರೆಗೆ ನಮ್ಮ ಮನೆಯ ಬೀಗಕ್ಕೆ ಸ್ವಲ್ಪ ಎಣ್ಣೆ ಕೊಡಿ ಎನ್ನುತ್ತಿದ್ದರು. ಅಷ್ಟು ವರ್ಷ ಒಬ್ಬರನ್ನೊಬ್ಬರು ಒಂದು ಗೆರೆಯಷ್ಟೂ ಕದಲಿಸಲಿಲ್ಲ, ಒಂದು ಬುಧವಾರವೂ ತಪ್ಪಿಸಲಿಲ್ಲ.

ಆಮೇಲೆ ನಮ್ಮ ಚರ್ಚಿಗೆ ಹೊರಗಿನಿಂದ ಒಬ್ಬ ಪ್ರಸಂಗಿ ಬಂದರು. ಈಗಿನ ಎಳೆಯ ಸಭಾಪಾಲಕರು ಕರೆಸಿದ್ದು. ಪ್ರವಾದಿಗಳು ಹೇಳಿದ ಶಾಂತಿ ಎಂಬುದೇ ವಿಷಯ. ತಾತನಿಗೆ ಕಾಲು ನೆಲಕ್ಕೆ ತಾಗದಷ್ಟು ಸಂಭ್ರಮ. ನಾನು ಬಂದು ಏನು ಮಾಡಲಿ ಎನ್ನುತ್ತಿದ್ದ ಕನ್ನಡಕದ ತಾತನನ್ನು ತಾವೇ ಹೋಗಿ ಒತ್ತಾಯ ಮಾಡಿ ಕರೆತಂದರು. ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು ನಮ್ಮ ಹಿಂದಿನ ಸಾಲಿನಲ್ಲಿ ಕೂತರು. ಪ್ರಸಂಗಿಯ ಗಂಟಲು ದೊಡ್ಡದು, ಮೊದಲರ್ಧ ಚೆನ್ನಾಗಿಯೇ ಇತ್ತು. ಆಮೇಲೆ ಯೆಹೂದ್ಯರ ಕಡೆಗೆ ತಿರುಗಿದರು. ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನೂ ಬರಲಿಲ್ಲವಲ್ಲ ಎಂದು ಕಿಟಕಿಯಲ್ಲಿ ಇಣುಕುತ್ತ ಕೂತ ಜನ ಅದು ಎಂದರು. ಕಾದು ಕಾದು ಅವರ ಗಡ್ಡ ಬೆಳ್ಳಗಾಯಿತು, ದೇವರೂ ಬೇಸತ್ತು ಅವರ ಕೈ ಬಿಟ್ಟ ಎಂದು ಹೇಳಿ, ಮುದುಕ ಕಿಟಕಿಯಲ್ಲಿ ಇಣುಕುವುದನ್ನು ಅಭಿನಯಿಸಿ ತೋರಿಸಿದರು. ಜನ ನಕ್ಕರು. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ತಾತನೂ ತಟ್ಟಿದರು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಕನ್ನಡಕದ ತಾತ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ನನ್ನ ಕಡೆ ಬಾಗಿ ಹೋಗಿಬರುತ್ತೇನಮ್ಮ ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಮುಖದಲ್ಲಿ ಕೋಪವಿರಲಿಲ್ಲ ಕಣೆ. ಕೋಪ ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆ ಬುಧವಾರ ನಿನ್ನ ತಾತ ಪುಸ್ತಕ ಹಿಡಿದು ಹೋದರೆ ಅಂಗಡಿಯ ಬಾಗಿಲು ಪೂರ್ತಿ ಮುಚ್ಚಿತ್ತು. ಮುಂದಿನ ಬುಧವಾರ, ಸರಕು ಜೋಡಿಸುವುದಿದೆ, ಕ್ಷಮಿಸಿ ಎಂದು ಹೇಳಿ ಕಳಿಸಿದರು. ಅದರ ಮುಂದಿನ ವಾರ ಇವರು ಹೋಗಲೇ ಇಲ್ಲ. ಮನೆಯಲ್ಲಿ ನನ್ನ ಮುಂದೆ ವಾದ ಶುರುವಾಯಿತು. ಹೇಳಿದವನು ಪ್ರಸಂಗಿ, ನಾನಲ್ಲ. ಎಲ್ಲರೂ ತಟ್ಟಿದರು, ನಾನೂ ತಟ್ಟಿದೆ. ಅತಿಥಿಗೆ ಅವಮಾನ ಮಾಡಬೇಕಿತ್ತೇ? ನಾನು ತರಕಾರಿ ಹೆಚ್ಚುತ್ತ, ನಿಮ್ಮ ಅತಿಥಿ ಯಾರಾಗಿದ್ದರು ಎಂದಷ್ಟೇ ಕೇಳಿದೆ. ಆಮೇಲೆ ಎರಡು ದಿನ ನಮ್ಮ ಮನೆಯಲ್ಲೂ ಮಾತಿಲ್ಲ. ಅದರ ನಡುವೆ ಇವರ ಕನ್ನಡಕದ ಕಡ್ಡಿ ಮುರಿಯಿತು. ಆ ಅಂಗಡಿಗೆ ಹೋಗಲು ಮುಖವಿಲ್ಲ, ಬೇರೆ ಅಂಗಡಿಗೆ ಹೋಗಲು ಮನಸ್ಸಿಲ್ಲ. ದಾರ ಸುತ್ತಿ ಕಿವಿಗೆ ಕಟ್ಟಿಕೊಂಡು ಓಡಾಡಿದರು. ಒಂದು ದಿನ ನನ್ನ ಕನ್ನಡಕ ಹಾಕಿಕೊಂಡು ಪತ್ರಿಕೆ ಓದಲು ಹೋಗಿ, ಸತ್ತವರ ಪಟ್ಟಿಯಲ್ಲಿ ಬದುಕಿರುವವರೊಬ್ಬರ ಹೆಸರು ಕಂಡು ನನ್ನ ಎದೆ ಒಡೆಯುವ ಹಾಗೆ ಕೂಗಿಕೊಂಡರು.

ಹೀಗಿರುವಾಗ ನಿನ್ನ ಪತ್ರ ಬಂತು. ಇವರಿಗೆ ಓದಲು ಆಗದು, ನಾನೇ ಓದಿದೆ. ಅಲ್ಲಿನ ಗಲಭೆಯಲ್ಲಿ ಹೊಡೆದಾಡಿಕೊಂಡ ಎರಡೂ ಕಡೆಯ ಗಾಯಾಳುಗಳನ್ನು ನಿನ್ನ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಮಲಗಿಸಿ ನಡುವೆ ಪರದೆ ಕಟ್ಟಿದ್ದನ್ನು ಬರೆದಿದ್ದೆ. ಕೈ ಸುಟ್ಟುಕೊಂಡ ಹೆಂಗಸು ಇದೆಲ್ಲ ಯಾವಾಗ ಮುಗಿಯುತ್ತದೆ ಡಾಕ್ಟರೇ ಎಂದು ಕೇಳಿದಾಗ ಅವಳ ಪಟ್ಟಿಯನ್ನು ಇನ್ನೊಮ್ಮೆ ಕಟ್ಟಿದೆ ಎಂದಿದ್ದೆ. ಮನೆ ಬಿಟ್ಟು ಓಡಿ ಬಂದ ಮುದುಕರಲ್ಲಿ ಎಷ್ಟೋ ಜನರ ಕನ್ನಡಕವೂ ಹಿಂದೆಯೇ ಉಳಿಯಿತು, ತಮ್ಮ ಮಕ್ಕಳ ಮುಖ ಕಾಣಲು ಕೈಯಿಂದ ಸವರುತ್ತಾರೆ ಎಂದಿದ್ದೆ. ಕೊನೆಯಲ್ಲಿ, ಶಾಂತಿಯ ದಿನ ಬಂದಾಗ ತೋಳ ಕುರಿಮರಿಯ ಜೊತೆ ಇರುತ್ತದೆಂಬ ಪ್ರವಾದಿಯ ಮಾತನ್ನು ನೀವಿಬ್ಬರೂ ನನಗೆ ಕಲಿಸಿದಿರಿ, ಇಲ್ಲಿ ನನಗೆ ಪರದೆ ಮಾತ್ರ ಕಾಣುತ್ತಿದೆ, ನೀವಿಬ್ಬರೂ ಕಾಯುತ್ತಿರುವವನು ಯಾರೇ ಆಗಲಿ, ಬರುವುದಿಲ್ಲ ಎನಿಸುತ್ತಿದೆ, ಪ್ರಾರ್ಥನೆ ಬಿಟ್ಟಿದ್ದೇನೆ ಎಂದು ಬರೆದಿದ್ದೆ. ಓದಿ ಮುಗಿಸಿ ತಲೆಯೆತ್ತಿದರೆ ಇವರು ಎದ್ದು ನಿಂತಿದ್ದರು. ಹೇಳಿದ್ದು ಒಂದೇ ಮಾತು.

"ಇದನ್ನ ಅವನಿಗೂ ಓದಬೇಕು. ಮಗು ಇಬ್ಬರನ್ನೂ ಕೇಳಿದೆ."

ಆಗಲೇ ಚಪ್ಪಲಿ ಮೆಟ್ಟಿ ಹೊರಟರು. ದಾರ ಕಟ್ಟಿದ ಕನ್ನಡಕದಲ್ಲಿ ರಸ್ತೆ ದಾಟುವುದು ಹೇಗೆಂದು ನಾನೂ ಹಿಂದೆ ಓಡಿದೆ. ಅಂಗಡಿಯಲ್ಲಿ ಒಬ್ಬ ಹೆಂಗಸು ಚೌಕಟ್ಟು ಆರಿಸುತ್ತಿದ್ದಳು. ಇವರು ಪರೀಕ್ಷೆಯ ಕುರ್ಚಿಯಲ್ಲಿ ಶಾಲೆಯ ಹುಡುಗನ ಹಾಗೆ ಕೈ ಕಟ್ಟಿ ಕೂತರು. ಆಕೆ ಹೋದ ಮೇಲೆ ಎದ್ದು ನಿಂತು, ತಡವರಿಸದೆ, ನನ್ನದು ತಪ್ಪಾಯಿತು, ಆ ದಿನ ನಾನು ಚಪ್ಪಾಳೆ ತಟ್ಟಬಾರದಿತ್ತು ಎಂದರು. ಕನ್ನಡಕದ ತಾತ ಒಂದು ಗಾಜನ್ನು ಒರೆಸುತ್ತಲೇ ಇದ್ದರು. ಒರೆಸಿ ಕೆಳಗಿಟ್ಟು ನಿಧಾನವಾಗಿ ಮಾತಾಡಿದರು.

"ಗುರುಗಳೇ, ಅಲ್ಲಿ ಎಲ್ಲರೂ ಇದ್ರು. ಇಲ್ಲಿ ಯಾರೂ ಇಲ್ಲ."

ಇವರು ನಿನ್ನ ಪತ್ರವನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಇದು ನಿಮಗೂ ಬಂದಿದೆ ಎಂದು ಹೇಳಿ ಹೊರಬಂದರು. ಮನೆ ಹತ್ತಿರ ಬಂದಾಗ, ಅವನು ಹೇಳಿದ್ದು ಸರಿ, ತಪ್ಪು ಮಾಡಿದ್ದು ಎಲ್ಲರ ಮುಂದೆ ಎಂದರು.

ಭಾನುವಾರ ಆರಾಧನೆಯಲ್ಲಿ ಪ್ರಕಟಣೆಗಳ ಹೊತ್ತಿಗೆ ಇವರು ಎದ್ದು ಮುಂದೆ ಹೋದರು. ನನಗೂ ಮುಂಚೆ ಹೇಳಿರಲಿಲ್ಲ. ನಿವೃತ್ತರಾದವರು ಏನೋ ಹಳೆಯ ನೆನಪು ಹೇಳಿಕೊಳ್ಳುತ್ತಾರೆಂದು ಜನ ಬೆನ್ನು ಒರಗಿಸಿ ಕೂತರು. ಇವರ ದನಿ ಸ್ಪಷ್ಟವಾಗಿತ್ತು. ಆ ದಿನ ನನ್ನ ಸ್ನೇಹಿತನ ಜನರನ್ನು ಇಲ್ಲಿ ಗೇಲಿ ಮಾಡಿದರು, ಸ್ನೇಹಿತನನ್ನು ಕರೆತಂದವನು ನಾನು, ಅವನ ಮುಂದೆಯೇ ಚಪ್ಪಾಳೆ ತಟ್ಟಿದವನೂ ನಾನು ಎಂದರು. ಈ ಪೀಠದಿಂದ ನಾನು ಓದಿದ ಶಾಂತಿಯ ಮಾತುಗಳೆಲ್ಲ ಮೊದಲು ಅವರ ಭಾಷೆಯಲ್ಲಿ, ಅವರಿಗೆ ಹೇಳಿದ ಮಾತುಗಳು. ಮನೆ ಸುಟ್ಟು ಊರು ಬಿಡುವಾಗಲೂ ಅವರು ಅದನ್ನು ಎದೆಗವಚಿಕೊಂಡು ತಂದದ್ದರಿಂದಲೇ ಅದು ನಮ್ಮ ಕೈಗೆ ಸಿಕ್ಕಿತು. ಕಾಯುವುದು ಎಂದರೇನೆಂದು ನಾವು ಕಲಿತದ್ದು ಅವರಿಂದ ಎಂದರು.

"ದೇವರು ಅವರ ಕೈ ಬಿಟ್ಟ ಅಂತ ಹೇಳೋಕೆ ನನಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಅವರಿಗೆ ಕೊಟ್ಟ ಮಾತನ್ನೇ ದೇವರು ಮುರಿಯೋನಾದ್ರೆ, ನಮಗೆ ಕೊಟ್ಟಿದ್ದನ್ನ ಯಾಕೆ ಉಳಿಸ್ಕೋತಾನೆ?"

ಅಷ್ಟು ಹೇಳಿ ಬಂದು ನನ್ನ ಪಕ್ಕ ಕೂತರು. ಚಪ್ಪಾಳೆ ಇಲ್ಲ, ಏನೂ ಇಲ್ಲ. ಹಿಂದಿನಿಂದ ಒಬ್ಬರು, ನಿವೃತ್ತರಾದ ಮೇಲೆ ನಿವೃತ್ತರಾಗಿಯೇ ಇರಬೇಕು ಎಂದದ್ದು ನನಗೂ ಕೇಳಿಸಿತು. ಆ ವಾರವೇ ಆಡಳಿತ ಸಮಿತಿಯವರು ಮನೆಗೆ ಬಂದು, ನಿಮಗೂ ವಯಸ್ಸಾಯಿತು ಎಂದು ನಯವಾಗಿ ಹೇಳಿ ಗುರುವಾರ ಬೈಬಲ್ ಕಲಿಸುವ ವೇದಪಾಠವನ್ನು ಇವರಿಂದ ತೆಗೆದುಕೊಂಡರು. ಆ ಪಾಠ ಇವರಿಗೆ ಎಷ್ಟು ಬೇಕಾಗಿತ್ತೆಂದು ನಿನಗೆ ಗೊತ್ತು. ಬಂದವರನ್ನು ಗೇಟಿನವರೆಗೆ ಕಳಿಸಿ ಬಂದು, ಕುರ್ಚಿಯಲ್ಲಿ ಕುಸಿದು, ನಾನು ಹೆಚ್ಚು ಮಾತಾಡಿಬಿಟ್ಟೆನಾ ಎಂದು ಕೇಳಿದರು. ಇಲ್ಲ, ಸರಿಯಾಗಿಯೇ ಆಡಿದಿರಿ, ಸ್ವಲ್ಪ ತಡವಾಗಿ ಆಡಿದಿರಿ ಎಂದೆ. ಮದುವೆಯಾದಾಗಿನಿಂದ ಇವರನ್ನು ನೋಡಿ ಇಷ್ಟು ಹೆಮ್ಮೆಪಟ್ಟದ್ದು ನನಗೆ ನೆನಪಿಲ್ಲ. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ, ತಲೆಗೇರುತ್ತದೆ. ಎಳೆಯ ಸಭಾಪಾಲಕರು ಒಂದು ಸಂಜೆ ಒಬ್ಬರೇ ಬಂದು, ಆ ಪ್ರಸಂಗಿಯನ್ನು ಕರೆಸಿದ್ದು ತಾನೇ ಎಂದು ತಲೆ ತಗ್ಗಿಸಿ ಕೂತರು. ಇವರು ಅವರ ಬೆನ್ನು ತಟ್ಟಿ ಚಹಾ ಕುಡಿಸಿ ಕಳಿಸಿದರು.

ಚರ್ಚಿನ ಸುದ್ದಿ ನಮ್ಮ ಬೀದಿಯ ಟೈಲರಮ್ಮನ ಬಾಯಿಂದ ಸೋಮವಾರವೇ ಅಂಗಡಿಗೆ ಮುಟ್ಟಿತ್ತಂತೆ. ಆದರೂ ಕನ್ನಡಕದ ತಾತ ಬಂದದ್ದು ವೇದಪಾಠ ಹೋದ ಮರುದಿನ. ಬಾಗಿಲಲ್ಲಿ ನಿಂತು ಇವರ ಮುಖವನ್ನು ಒಂದು ಗಳಿಗೆ ನೋಡಿದರು.

"ಏನು ಗುರುಗಳೇ ಇದು, ಕಿವಿಗೆ ದಾರ? ಕೊಡಿ ಇಲ್ಲಿ. ನನ್ನ ಅಂಗಡಿ ಮಾನ ಕಳೀತಿದ್ದೀರಿ."

ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಜಗಲಿಯ ಮೇಲೆ ಕೂತು ಹೊಸ ಕಡ್ಡಿ ಹಾಕಿದರು. ಕನ್ನಡಕ ಮುಖದ ಮೇಲಿಲ್ಲದ್ದರಿಂದ ನಿನ್ನ ತಾತನಿಗೆ ಕಣ್ಣೊರೆಸಿಕೊಳ್ಳಲು ಸಲೀಸಾಯಿತು. ಇಬ್ಬರೂ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಕಡ್ಡಿ ಹಾಕಿ ಮುಗಿಸಿ, ಮಗುವಿಗೆ ಏನು ಬರೆಯೋಣ ಎಂದು ಕೇಳಿದರು. ನಿನ್ನ ಪತ್ರ ಅವರ ಕೋಟಿನ ಒಳಜೇಬಿನಲ್ಲಿತ್ತು, ಮಡಚಿ ಮಡಚಿ ಅಂಚು ಸವೆದಿತ್ತು.

ಬುಧವಾರ ನನ್ನನ್ನೂ ಹಿಂದಿನ ಕೋಣೆಗೆ ಕರೆದರು. ನನಗೆ ಹೀಬ್ರೂ ಬರದು, ಆದರೆ ನಿನಗೆ ಪತ್ರ ಬರೆಯುವವಳು ನಾನು ತಾನೆ. ಕನ್ನಡಕದ ತಾತ ಹೇಳಿದ್ದು ಇಷ್ಟು: ಆ ತೋಳ, ಕುರಿಮರಿಯ ಮಾತನ್ನು ಪ್ರವಾದಿ ಸುಖವಾಗಿ ಉಂಡು ಮಲಗಿದವರಿಗೆ ಹೇಳಿದ್ದಲ್ಲ. ಅದು ಶುರುವಾಗುವುದೇ ಕಡಿದು ಉರುಳಿಸಿದ ಮರದ ಬುಡದಿಂದ, ಆ ಬುಡದಲ್ಲೊಂದು ಚಿಗುರು ಬರುತ್ತದೆ ಎಂಬಲ್ಲಿಂದ. ಮರ ಬಿದ್ದದ್ದನ್ನು ಕಣ್ಣಾರೆ ಕಂಡವಳು ನಮ್ಮ ಪಿಟೀಲು, ಈ ಬೀದಿಯಲ್ಲಿ ಕೂತ ನಮಗಿಂತ ಆ ಮಾತು ಅವಳಿಗೇ ಹತ್ತಿರದ್ದು ಎಂದರು. ಆಗ ನಿನ್ನ ತಾತ, ಅಲ್ಲಿ ತೋಳ ಕುರಿಮರಿಯ ಜೊತೆ ಇರುತ್ತದೆ ಎನ್ನುವ ಕಡೆ ಹೀಬ್ರೂ ಮಾತು ಸುಮ್ಮನೆ ಇರುವುದಲ್ಲ, ಪರಸ್ಥಳದವನು ಬಂದು ತಂಗುವುದು, ಎಂದರೆ ತೋಳ ಕುರಿಮರಿಯ ಮನೆಗೆ ಅತಿಥಿಯಾಗಿ ಬರುತ್ತದೆ ಎಂದು ನೆನಪಿಸಿದರು. ಹೌದು, ಹೌದು, ಮನೆ ಕುರಿಮರಿಯದು ಎಂದರು ಕನ್ನಡಕದ ತಾತ. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಮೊದಲ ಸಲ ಕಂಡೆ. ನಾನು ಸುಮ್ಮನಿರಲಾರದೆ ಕೇಳಿದೆ.

"ಬಾಗಿಲು ತೆಗೆಯೋವಾಗ ಕುರಿಮರಿಗೆ ಭಯ ಆಗಲ್ವಾ?"

ಒಬ್ಬೊಬ್ಬರೂ ತಮ್ಮ ದ್ರಾಕ್ಷಿಬಳ್ಳಿಯ ನೆರಳಲ್ಲಿ ಕೂರುತ್ತಾರೆ, ಹೆದರಿಸುವವರು ಇರುವುದಿಲ್ಲ ಎಂದು ಇನ್ನೊಬ್ಬ ಪ್ರವಾದಿ ಹೇಳಿದ್ದಾನಲ್ಲ ಎಂದರು ತಾತ. ಅದು ಕೊನೆಗೆ, ಮೊದಲ ದಿನ ಭಯ ಆಗೇ ಆಗುತ್ತದೆ ಎಂದರು ಕನ್ನಡಕದ ತಾತ. ತೋಳಕ್ಕೂ ಆಗುತ್ತದೆ, ಬೇರೆಯವರ ಮನೆಯಲ್ಲವೇ ಎಂದೆ ನಾನು. ಇಬ್ಬರೂ ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ಆಮೇಲೆ ಕನ್ನಡಕದ ತಾತ, ಆ ಪರದೆಯನ್ನು ಶಾಂತಿ ಎಂದು ಕರೆಯಬೇಡ ಎಂದು ಬರೆಯಿರಿ, ಆದರೆ ಅದರ ಆಚೆ ಈಚೆ ಮಲಗಿದವರು ಒಬ್ಬರ ಕೆಮ್ಮು ಒಬ್ಬರು ಕೇಳುತ್ತಾರೆ, ಒಬ್ಬಳೇ ಡಾಕ್ಟರ ಕೈಯಿಂದ ಔಷಧಿ ಕುಡಿಯುತ್ತಾರೆ, ಅದನ್ನೂ ಅವಳು ನೋಡಲಿ ಎಂದರು. ಯಾರು ಬರುತ್ತಾರೆ, ಬಂದಿದ್ದರೋ ಇಲ್ಲವೋ ಎಂಬ ವಾದ ಮತ್ತೆ ಶುರುವಾಯಿತು. ನಾನು ಎದ್ದು ಮನೆಗೆ ಬಂದೆ. ಹಾಯಾಗಿತ್ತು ಕಣೆ, ಆ ಜಗಳ ಕೇಳಿ.

ನೀನು ಪ್ರಾರ್ಥನೆ ಬಿಟ್ಟೆ ಎಂದಿದ್ದಕ್ಕೆ ಇಲ್ಲಿ ಯಾರೂ ಮುಖ ಸಪ್ಪಗೆ ಮಾಡಿಕೊಂಡಿಲ್ಲ. ನಿನ್ನ ಪಾಲಿನದನ್ನು ಸದ್ಯಕ್ಕೆ ನಾನು ಮಾಡುತ್ತೇನೆ. ನೀನು ನಿದ್ದೆ ಮಾಡು, ಹೊತ್ತಿಗೆ ಊಟ ಮಾಡು. ಆ ಹೆಂಗಸಿನ ಕೈ ವಾಸಿಯಾಯಿತೇ ಎಂದು ಬರೆ. ಈಗ ಇಬ್ಬರಿಗೂ ಒಂದೇ ಹುಚ್ಚು, ನಿನ್ನ ಆ ಮುದುಕರಿಗಾಗಿ ಹಳೆಯ ಕನ್ನಡಕ ಕೂಡಿಸುವುದು. ನಮ್ಮ ಚರ್ಚಿನಲ್ಲಿ ಎಳೆಯ ಸಭಾಪಾಲಕರು, ತಮ್ಮ ಪ್ರಾರ್ಥನಾ ಮಂದಿರದಲ್ಲಿ ಕನ್ನಡಕದ ತಾತ, ಜನರ ಹತ್ತಿರ ಕೇಳಿ ಕೇಳಿ ತರುತ್ತಾರೆ. ನಿವೃತ್ತರು ನಿವೃತ್ತರಾಗಿಯೇ ಇರಬೇಕು ಎಂದರಲ್ಲ, ಅವರ ಮನೆಯಿಂದಲೂ ಒಂದು ಬಂತು, ಒಳ್ಳೆಯ ಚೌಕಟ್ಟು. ಕನ್ನಡಕದ ತಾತ ಒಂದೊಂದನ್ನೂ ಅಳೆದು ಚೀಟಿ ಅಂಟಿಸುತ್ತಾರೆ, ತಾತ ತೊಳೆದು ಒರೆಸುತ್ತಾರೆ. ಸರಿಯಾಗಿ ಒರೆಸಿಲ್ಲವೆಂದು ಬೈಸಿಕೊಳ್ಳುತ್ತಾರೆ.

ಇಬ್ಬರು ತಾತಂದಿರ ಆಶೀರ್ವಾದ, ಅಪ್ಪ ಅಮ್ಮನ ಪ್ರೀತಿ. ಕೈ ಚಾಚಿದರೆ ನಿನ್ನ ತಲೆ ಸಿಗುವ ಹಾಗಿದ್ದರೆ ಚೆನ್ನಾಗಿತ್ತು.

ನಿನ್ನ,
ಅಜ್ಜಿ

ಮರೆತಿದ್ದು: ಮೇಲಿನದನ್ನು, ಹೆಮ್ಮೆಯ ಮಾತೊಂದನ್ನು ಬಿಟ್ಟು, ಇಬ್ಬರಿಗೂ ಓದಿ ತೋರಿಸಿದ್ದಾಯಿತು. ಅಂಚೆ ಚೀಟಿ ತರಲು ಈಗಷ್ಟೇ ಹೊರಗೆ ಹೋದರು, ಬರುವುದರೊಳಗೆ ಬರೆದುಬಿಡುತ್ತೇನೆ. ಕನ್ನಡಕಗಳನ್ನು ಪಾರ್ಸೆಲ್ ಮಾಡುತ್ತಿಲ್ಲ. ಇಬ್ಬರೂ ತಾವೇ ಹೊತ್ತು ತರುತ್ತಿದ್ದಾರೆ, ಟಿಕೆಟ್ಟೂ ಆಗಿದೆ, ನೀನು ಬೇಡವೆನ್ನುತ್ತೀಯೆಂದು ನಿನಗೆ ಹೇಳಕೂಡದಂತೆ. ಈ ವಯಸ್ಸಿನಲ್ಲಿ ರೈಲಿನ ಕೊನೆಯ ನಿಲ್ದಾಣದವರೆಗೆ ಯಾಕೆ ಎಂದು ನಾನು ಜಗಳವಾಡಿದೆ. ಕಾಯುವುದು ಒಬ್ಬರಿಂದ ಆಗುವ ಕೆಲಸವಲ್ಲ, ಮಗು ಅಲ್ಲಿ ಒಂಟಿಯಾಗಿ ಕಾಯುತ್ತಿದೆ ಎಂದರು ಕನ್ನಡಕದ ತಾತ. ನಿನ್ನ ತಾತ ಹೌದೆಂದು ತಲೆಯಾಡಿಸಿದರು. ಮುಂದಿನ ಶುಕ್ರವಾರ ಬೆಳಗಿನ ಗಾಡಿ. ಇಬ್ಬರಿಗೂ ಬೇರೆ ಬೇರೆ ಕೋಣೆ ನೋಡು, ಒಂದೇ ಕಡೆ ಹಾಕಿದರೆ ನಿನ್ನ ರೋಗಿಗಳಿಗೆ ನಿದ್ದೆಯಿಲ್ಲ. ಮೂರನೆಯ ಟಿಕೆಟ್ಟು ನನ್ನದು, ನನಗೆ ಏನೂ ನೋಡಬೇಡ. ನಾನು ನಿನ್ನ ಪಕ್ಕದಲ್ಲೇ ಮಲಗುತ್ತೇನೆ.